ಗಂಜಿ ಹಾಕಿದ ಹೊದಿಕೆ

ಬನಹಟ್ಟಿಯ ಓಣಿಗಳಲ್ಲಿ ಈಗಲೂ ಎಲ್ಲಾದರೂ ನೂಲಿಗೆ ಹಚ್ಚುವ ಗಂಜಿ ಕುದಿಯುವ ವಾಸನೆ ಬಂದರೆ ಉಳಿದವರಿಗೆ ಮಗ್ಗ ನೆನಪಾಗುತ್ತದೆ, ನನಗೆ ಮಾತ್ರ ಒಂದು ಮೋಟಾರು ಗಾಡಿ. ನಗಬೇಡಿ. ನೇಕಾರರ ಮನೆಯಲ್ಲಿ ಇಂಪಾಲಾ ಕಾರು ಇತ್ತೆಂದರೆ ನನ್ನ ಮಕ್ಕಳೇ ನಂಬುವುದಿಲ್ಲ. ಸೀರೆ ಮಾರಲು ಮುಂಬೈಗೆ ಹೋಗಿದ್ದ ಅಪ್ಪ, ಯಾರೋ ಸೇಠ ಓಡಿಸಿ ಬೇಸತ್ತ ಆ ಅಮೆರಿಕದ ಗಾಡಿಗೆ ಮರುಳಾಗಿ ಕೊಂಡು ತಂದಿದ್ದ. ಆಕಾಶದ ಬಣ್ಣ, ಎರಡು ಹೊರಸು ಮಂಚ ಸಾಲಾಗಿ ಹಾಕಿದಷ್ಟು ಉದ್ದ, ಹಿಂದೆ ಹಕ್ಕಿಯಂತೆ ಅಗಲಿಸಿದ ಎರಡು ತಗಡಿನ ರೆಕ್ಕೆ. ಪೆಟ್ರೋಲು ಅಗ್ಗವಿದ್ದ ಕಾಲದಲ್ಲಿ ಆ ದೇಶದವರು ಬರೀ ಶೋಕಿಗೆ ಹಾಗೆ ಮಾಡಿದ್ದರಂತೆ. ಮುಂದಿನ ಮಾದರಿಗಳಲ್ಲಿ ರೆಕ್ಕೆ ಸಣ್ಣದಾಗುತ್ತ ಕಡೆಗೆ ಇಲ್ಲವೇ ಆಯಿತೆಂದು, ತನ್ನದೇ ಏನೋ ಕಳೆದವನಂತೆ ಅಪ್ಪ ಹೇಳುತ್ತಿದ್ದ. ಅದರ ಸ್ಟೇರಿಂಗು ಎಡಗಡೆ. ಹಾಗಾಗಿ ನಮ್ಮಲ್ಲಿ ಡ್ರೈವರ್ ಕೂಡುವ ಬಲಗಡೆಗೆ ಅವ್ವ ಕೂಡುತ್ತಿದ್ದಳು. ಚಿಕ್ಕಪಡಸಲಗಿಯ ಹೊಳೆಗೆ ಹೊರಟಾಗ ಜಮಖಂಡಿ ಪೇಟೆಯ ಮಂದಿ, ಸೆರಗು ಹೊದ್ದ ಹೆಂಗಸು ಕೈ ಕಟ್ಟಿಕೊಂಡೇ ಗಾಡಿ ಹೊಡೆಯುತ್ತಾಳೆಂದು ಬಾಯಿ ತೆರೆದು ನೋಡುತ್ತಿದ್ದರು. ಅವ್ವ ನಾಚಿ ಕೆಂಪಾಗುತ್ತಿದ್ದಳು, ಆದರೂ ಆ ಜಾಗ ಯಾರಿಗೂ ಬಿಟ್ಟುಕೊಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಗಾಡಿ ಹಿತ್ತಲಿನ ತಗಡಿನ ಕೆಳಗೆ ನಿಂತಿತು. ತಮ್ಮ ಮಾರೋಣ ಅಂದ, ಅವ್ವ ಒಪ್ಪಲಿಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ಕೂತು ತಾನೇ ದಪ್ಪ ಬಟ್ಟೆ ನೇಯ್ದು, ಪಟ್ಟಿ ಪಟ್ಟಿ ಕೂಡಿಸಿ ಹೊಲಿದು, ರೆಕ್ಕೆ ಸಮೇತ ಮುಚ್ಚಿದಳು. ಗಂಜಿ ಕುಡಿದ ನೂಲು ಹರಿಯುವುದಿಲ್ಲ ಎನ್ನುವುದನ್ನು ಹುಟ್ಟಿದಾಗಿನಿಂದ ಕಂಡವಳು. ಅದಕ್ಕೇ ಪ್ರತಿ ಮಳೆಗಾಲದ ಮೊದಲು ಹೊದಿಕೆಯ ಮೇಲೆಯೇ ಗಂಜಿ ಬಳಿಯುತ್ತಿದ್ದಳು. ತೆಗೆದು ನೋಡಲು ಯಾರನ್ನೂ ಬಿಡಲಿಲ್ಲ. ಅವರ ಗಾಡಿಗೆ ಧೂಳು ಹತ್ತಬಾರದು ಅನ್ನುತ್ತಿದ್ದಳು.

ಹೋದ ವರ್ಷ ಹಾಸಿಗೆ ಹಿಡಿದಾಗ ಅವ್ವ ಬೇಡಿದ್ದು ಇಷ್ಟೇ. "ಒಮ್ಮಿ ಅದರಾಗ ಕೂಡಸ್ರಿ. ಹೊಳಿಗೆ ಹೋಗೂದು ಬ್ಯಾಡ, ಬರೇ ಕೂಡಸ್ರಿ ಸಾಕು." ತಮ್ಮನೂ ನಾನೂ ಆಕೆಯನ್ನು ಕುರ್ಚಿಯಲ್ಲಿ ಹೊತ್ತು ತಂದು ಗಾಡಿಯ ಪಕ್ಕದಲ್ಲಿಟ್ಟು ಹೊದಿಕೆ ಎಳೆದೆವು. ಗಂಜಿಯ ಆಸೆಗೆ ಬಂದ ಇಲಿಗಳು ಸೀಟುಗಳಲ್ಲಿ ಬರೀ ತಂತಿ ಉಳಿಸಿದ್ದವು. ಬಟ್ಟೆ ಹಿಡಿದಿಟ್ಟ ಪಸೆಗೆ ಮೈಯೆಲ್ಲ ತುಕ್ಕು. ಒಂದು ರೆಕ್ಕೆಯ ಅಂಚು ಬಟ್ಟೆಗೇ ಅಂಟಿಕೊಂಡು ಉದುರಿ ಬಂತು. ತಮ್ಮ ಮುಖ ತಿರುಗಿಸಿದ. ಅವ್ವ ಕೈ ಚಾಚಿ ತನ್ನ ಕಡೆಯ ಬಾಗಿಲು ಮುಟ್ಟಿದಳು. ಬೆರಳು ತುಕ್ಕು ತಿಂದ ತಗಡಿನೊಳಗೇ ಹೋಯಿತು. ಹೊರಗೆ ಎಳೆದು ಆ ಬೆರಳನ್ನೇ ನೋಡಿದಳು.

"ಗಂಜಿ ಹೆಚ್ಚಾತೇನ, ಮಗಳ?" ಅಂದಳು.

"ಇಲ್ಲ ಬೇ, ಮಳಿ ಹೆಚ್ಚಾತು" ಅಂದೆ. ಆಕೆ ನಂಬಲಿಲ್ಲ.

ಅವ್ವ ಹೋದ ಮೇಲೆ ಆ ಹೊದಿಕೆಯನ್ನು ನನ್ನ ಮನೆಗೆ ತಂದು ಮತ್ತೆ ಮತ್ತೆ ಒಗೆದೆ. ಗಂಜಿಯೆಲ್ಲ ಬಿಟ್ಟು ಮೆತ್ತಗಾಗಿದೆ. ಚಳಿಗೆ ಹೊದ್ದುಕೊಳ್ಳುತ್ತೇನೆ. ತುಕ್ಕಿನ ಕಲೆ ಮಾತ್ರ ಹೋಗಿಲ್ಲ.