ಎಲ್ಲಿಗೂ ಹೋಗದ ಸೈಕಲ್

ಈ ಸಾಲುಗಳನ್ನು ಬರೆಯುತ್ತಿರುವ ಎದುರು ಮನೆಯಾತ ಬಹಳ ದಿನ ಒಂದು ತಪ್ಪು ತಿಳಿವಳಿಕೆಯಲ್ಲಿದ್ದ. ಸಂಜೆ ಬೀದಿ ದೀಪ ಹತ್ತುವ ಹೊತ್ತಿಗೆ ಆಚೆ ಕಡೆಯ ಮಹಡಿ ಕಿಟಕಿಯಲ್ಲಿ ಟೇಲರಕ್ಕನ ತಲೆ ಕಾಣುತ್ತಿತ್ತು. ತಲೆ ಒಂದೇ ಲಯದಲ್ಲಿ ಆಡುತ್ತಿತ್ತು, ಜೊತೆಗೆ ಗಿರ್ ಗಿರ್ ಎಂದು ಸದ್ದು. ‘ಪಾಪ, ಈ ವಯಸ್ಸಿನಲ್ಲೂ ಎಷ್ಟು ಹೊಲಿಯುತ್ತಾಳೆ’ ಎಂದು ಆತ ಮರುಗಿದ. ಅಂಚು ಮಡಿಸಿಕೊಡಲು ಕೊಟ್ಟಿದ್ದ ಪ್ಯಾಂಟನ್ನು ವಾಪಸು ಕೇಳಲೂ ಮನಸ್ಸಾಗದೆ, ಮಾಸಿದ ಪ್ಯಾಂಟಿನಲ್ಲೇ ಒಂದು ಮದುವೆಗೆ ಹೋಗಿ ಬಂದ. ಆಮೇಲೆ ತಿಳಿಯಿತು: ಆ ಹೊತ್ತಿನಲ್ಲಿ ಟೇಲರಕ್ಕ ಯಾರ ಪ್ಯಾಂಟನ್ನೂ ಮುಟ್ಟುತ್ತಿರಲಿಲ್ಲ. ಅವಳು ಸೈಕಲ್ ಮೇಲಿದ್ದಳು. ಅದೂ ಮಹಡಿಯ ಮೇಲೆ, ಬಾಗಿಲು ಹಾಕಿಕೊಂಡು.

ಈ ಸವಾರಿ ಶುರುವಾದದ್ದು ಒಂದು ಮೊಣಕಾಲಿನಿಂದ.

ಟೇಲರಕ್ಕನ ಹೊಲಿಗೆ ಕೋಣೆ ಮನೆಯ ಮಹಡಿಯಲ್ಲಿದೆ. ಒಂದು ಮೆಷಿನ್ನು, ಬಟ್ಟೆ ಕತ್ತರಿಸುವ ಹಲಗೆ, ಗುಂಡಿಗಳ ಡಬ್ಬ, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಬೀದಿಗೆ ತೆರೆಯುವ ಕಿಟಕಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಬಾಗಿಲು, ಆ ಬಾಗಿಲಿಗೊಂದು ಚಿಲಕ. ಕೆಳಗಡೆ ಮನೆಯಲ್ಲಿ ಅವಳಿಗೆ ಸೇರಿದ್ದು ಎಂದು ಹೇಳಬಹುದಾದ ಜಾಗ ಒಲೆಯ ಮುಂದಿನ ನಾಲ್ಕು ಅಡಿ ಮಾತ್ರ. ಅದಕ್ಕೂ ಬಾಗಿಲಿಲ್ಲ.

ಮೊದಲು ಕಾಲಿನಿಂದ ತುಳಿಯುವ ಮೆಷಿನ್ನಿತ್ತು. ಅದಕ್ಕೆ ಮೋಟಾರು ಹಾಕಿಸಿದ ಮೇಲೆ ಕಾಲಿಗೆ ರಜೆ ಸಿಕ್ಕಿತು. ರಜೆ ಹೆಚ್ಚಾದ ಕಾಲು ರಜೆ ಹೆಚ್ಚಾದ ನೌಕರನ ಹಾಗೆಯೇ ಆಯಿತು, ಕರೆದರೆ ಏಳುವುದಿಲ್ಲ, ಎದ್ದರೆ ಗೊಣಗುತ್ತದೆ. ಮೆಟ್ಟಿಲು ಹತ್ತುವಾಗ ಬಲ ಮೊಣಕಾಲು ಕಟಕಟ ಎನ್ನತೊಡಗಿತು. ಟೇಲರಕ್ಕ ಕಟಕಟೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಉಸ್ಸಪ್ಪ ಎನ್ನುತ್ತ ಹತ್ತತೊಡಗಿದಳು.

ಆ ಉಸ್ಸಪ್ಪ ಕೆಳಗೆ ಕೂತ ಯಜಮಾನರ ಕಿವಿಗೆ ಬೇರೆ ಥರ ಕೇಳಿಸಿತು.

ಯಜಮಾನರು, ಅಂದರೆ ಅವಳ ಗಂಡ, ಮನೆ ಮನೆಗೂ ಹೋಗಿ ಕರೆಂಟ್ ಮೀಟರ್ ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ಬೀದಿಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಸಂಘದ ಒಟ್ಟು ಕೆಲಸ ಎಂದರೆ ಕಸದ ಗಾಡಿ ಬರದ ದಿನ ಫೋನ್ ಮಾಡುವುದು. ಆದರೆ ಕಾರ್ಯದರ್ಶಿ ಎಂದ ಮೇಲೆ ಕಚೇರಿ ಬೇಡವೆ? ಯಜಮಾನರು ‘ಕಾರ್ಯದರ್ಶಿಗಳ ಕಚೇರಿ’ ಎಂದು ಒಂದು ಬೋರ್ಡನ್ನೂ ಬರೆಸಿ, ಮಂಚದ ಕೆಳಗೆ ಇಟ್ಟುಕೊಂಡಿದ್ದರು. ಬೋರ್ಡಿಗೆ ಕೋಣೆಯೊಂದು ಸಿಗಬೇಕಿತ್ತು, ಅಷ್ಟೆ.

“ಅಲ್ವೇ, ಯಾಕೆ ಕಷ್ಟಪಡ್ತೀಯ?” ಎಂದರು ಒಂದು ದಿನ, ಬಹಳ ಕನಿಕರದಿಂದ. “ಮೆಷಿನ್ ಕೆಳಗಡೆ ತಂದುಬಿಡೋಣ. ಅಡುಗೆಮನೆ ಪಕ್ಕದಲ್ಲೇ ಹಾಕೊಂಡ್ರೆ, ಹಾಲು ಉಕ್ಕೋದೂ ನೋಡ್ಕೋಬಹುದು, ಹೊಲಿಗೇನೂ ಹಾಕ್ಕೋಬಹುದು.”

“ಮೇಲಿನ ಕೋಣೆ?”

“ಅದು ಪಾಪ ಸುಮ್ನೆ ಖಾಲಿ ಬೀಳುತ್ತೆ,” ಎಂದರು ಯಜಮಾನರು, ಖಾಲಿ ಬೀಳುವ ಕೋಣೆಯ ಮೇಲೆ ತಮಗೆ ಎಷ್ಟು ಅನುಕಂಪವಿದೆ ಎಂಬಂತೆ.

ಟೇಲರಕ್ಕ ಕೈಯಲ್ಲಿದ್ದ ಗುಂಡುಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಮರುದಿನ ಡಾಕ್ಟರ ಬಳಿ ಹೋದಳು.

ಡಾಕ್ಟರಮ್ಮ ಮೊಣಕಾಲನ್ನು ಬಗ್ಗಿಸಿ, ನೀಟಿ, ಒತ್ತಿ ನೋಡಿದರು. “ಮೂಳೆ ಸರಿಯಾಗಿದೆ ಕಣಮ್ಮ. ತೊಡೇಲಿ ಬಲ ಇಲ್ಲ. ಮೊಣಕಾಲ ಮೇಲೆ ಭಾರ ಬೀಳದ ಹಾಗೆ ದಿನಾ ಕಾಲು ಆಡಿಸ್ಬೇಕು. ಮೊದಲು ನಿಧಾನಕ್ಕೆ ನಡೀರಿ. ಮುಂದಿನ ಸಲ ಬಂದಾಗ ಈ ನಮ್ಮ ಮೆಟ್ಟಿಲು ನಿಲ್ಲದೆ ಹತ್ತಿದರೆ ಸರಿ. ಇಲ್ಲಾಂದ್ರೆ ಮಹಡಿ ಸಹವಾಸ ಬಿಟ್ಟುಬಿಡಿ.”

ಜೊತೆಗೆ ಹೋಗಿದ್ದ ಯಜಮಾನರು ಕೊನೆಯ ವಾಕ್ಯವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡರು.

ನಡಿಗೆ ಪುಕ್ಕಟೆ. ಅದಕ್ಕಿಂತ ಅಗ್ಗದ ವ್ಯಾಯಾಮ ಯಾವುದಿದೆ? ಟೇಲರಕ್ಕ ಬೆಳಿಗ್ಗೆ ಚಪ್ಪಲಿ ಮೆಟ್ಟಿದಳು. ಬಾಗಿಲು ದಾಟುವುದರೊಳಗೆ ಒಳಗಿನಿಂದ ಯಜಮಾನರ ದನಿ: “ಹೇಗೂ ಹೋಗ್ತಿದೀಯಲ್ಲ, ಬರ್ತಾ ಒಂದು ಪೇಪರ್ ತಗೊಂಡು ಬಾ.” ಮಾರನೆಯ ದಿನ ಹಾಲು. ಅದರ ಮಾರನೆಯ ದಿನ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, “ಅಕ್ಕಾ, ವಾಕಿಂಗಾ? ಹೇಗೂ ಆ ಕಡೆ ಹೋಗ್ತಿದೀರ, ಈರುಳ್ಳಿ ತಂದುಬಿಡಿ” ಎಂದಳು. ವಾರ ಕಳೆಯುವುದರಲ್ಲಿ ಟೇಲರಕ್ಕ ಬರಿಗೈಯಲ್ಲಿ ಹೋಗಿ ಎರಡೂ ಕೈಯಲ್ಲಿ ಚೀಲ ಹೊತ್ತು ಬರುವವಳಾದಳು. ಮೊಣಕಾಲಿಗೆ ಅವಳ ಭಾರವೇ ಸಾಕಾಗಿತ್ತು. ಈಗ ಬೀದಿಯ ಈರುಳ್ಳಿಯೂ ಸೇರಿತು. ಮೆಟ್ಟಿಲಿನ ಉಸ್ಸಪ್ಪ ಇನ್ನಷ್ಟು ಉದ್ದವಾಯಿತು.

ಯಜಮಾನರು ಒಂದು ದಿನ ಅವಳಿಲ್ಲದಾಗ ಮೇಲೆ ಹೋಗಿ ಗೋಡೆಗೆ ಬೋರ್ಡು ಹಿಡಿದು ನೋಡಿ ಬಂದರು. ಮೊಳೆಯ ಗುರುತನ್ನು ಅವಳದೇ ಸೀಮೆಸುಣ್ಣದಲ್ಲಿ ಹಾಕಿದ್ದರು. ಬಟ್ಟೆಯ ಮೇಲೆ ಗುರುತು ಹಾಕಿ ಬದುಕುವವಳ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಟೇಲರಕ್ಕ ಗುರುತನ್ನು ಸೆರಗಿನಿಂದ ಒರೆಸಿದಳು. ಗುಂಡಿ ಡಬ್ಬದ ತಳದಲ್ಲಿ ಕೂಡಿಟ್ಟಿದ್ದನ್ನು ತೆಗೆದು ಎಣಿಸಿದಳು. ಹೆಚ್ಚೇನೂ ಇರಲಿಲ್ಲ. ತಮ್ಮನಿಗೆ ಫೋನ್ ಮಾಡಿದಳು.

ತಮ್ಮ ವ್ಯಾಯಾಮದ ವಿಷಯದಲ್ಲಿ ಪಂಡಿತ. ಅವನು ಕೊಳ್ಳದ ಸಲಕರಣೆ ಇರಲಿಲ್ಲ. ಎದೆ ಹಿಗ್ಗಿಸುವ ಸ್ಪ್ರಿಂಗು ಈಗ ಅವನ ಮನೆಯ ಗೇಟನ್ನು ತಾನಾಗಿ ಮುಚ್ಚುವ ಕೆಲಸ ಮಾಡುತ್ತಿತ್ತು. ಸೊಂಟ ತಿರುಗಿಸುವ ತಟ್ಟೆಯ ಮೇಲೆ ಹೂವಿನ ಕುಂಡ ಕೂತು ಬಿಸಿಲು ಬಂದ ಕಡೆಗೆ ತಿರುಗುತ್ತಿತ್ತು. ಡಂಬೆಲ್ಲುಗಳು ಬಾಗಿಲು ಬಡಿಯದಂತೆ ತಡೆಯುತ್ತಿದ್ದವು. ಒಟ್ಟಿನಲ್ಲಿ ಆ ಮನೆಯಲ್ಲಿ ಎಲ್ಲಕ್ಕೂ ವ್ಯಾಯಾಮವಿತ್ತು, ತಮ್ಮನೊಬ್ಬನನ್ನು ಬಿಟ್ಟು.

“ಅಕ್ಕಾ, ಟ್ರೆಡ್‌ಮಿಲ್ ತಗೋ. ಕಣ್ಮುಚ್ಚಿ ತಗೋ.”

“ಬೆಲೆ ನೋಡಿದ್ರೆ ಕಣ್ಣು ತಾನಾಗೇ ಮುಚ್ಚುತ್ತೆ ಅಂತ ಕೇಳಿದೀನಿ. ನೀನು ಸುಮ್ನೆ ಅಂಗಡಿ ತೋರಿಸು.”

ಅಂಗಡಿಯೊಳಗೆ ಹೋದ ಟೇಲರಕ್ಕ ಅಭ್ಯಾಸಬಲದಿಂದ ಕತ್ತಿನಿಂದ ಟೇಪು ತೆಗೆದಳು. ಮೊದಲು ಒಂದು ಸೈಕಲ್ಲಿನ ಸೀಟಿನಿಂದ ಪೆಡಲಿನವರೆಗೆ ಹಿಡಿದಳು, ಆಮೇಲೆ ತನ್ನ ಸೊಂಟದಿಂದ ಹಿಮ್ಮಡಿಯವರೆಗೆ. ಇನ್ನೊಂದು ಸೈಕಲ್ಲಿನ ಹಿಡಿಯ ಅಗಲ, ತನ್ನ ಭುಜದ ಅಗಲ. ಬಗ್ಗಿ ಸೀಟಿನ ಅಡಿಯ ಹೊಲಿಗೆಯನ್ನೂ ನೋಡಿದಳು.

ಮಾರಾಟದ ಹುಡುಗಿ ಓಡಿ ಬಂದಳು. “ಕವರ್ ಹೊಲಿಯೋಕೆ ಬಂದಿದ್ದೀರಾ ಆಂಟಿ? ಓನರ್ ಊಟಕ್ಕೆ ಹೋಗಿದ್ದಾರೆ.”

“ಇಲ್ಲಮ್ಮ, ತಗೊಳ್ಳೋಕೆ ಬಂದೆ.”

“ಓ! ಹಾಗಾದ್ರೆ ಇದು ನೋಡಿ. ಇದ್ರಲ್ಲಿ ನಿಮ್ಮ ಹೃದಯದ ಬಡಿತ ಎಷ್ಟಿದೆ ಅಂತಲೂ ತೋರಿಸುತ್ತೆ.”

ಟೇಲರಕ್ಕ ಬೆಲೆಯ ಚೀಟಿ ತಿರುಗಿಸಿ ನೋಡಿದಳು. “ಅದನ್ನ ಈ ಚೀಟೀನೇ ತೋರಿಸ್ತಿದೆ ಕಣೇ.”

ಆದರೂ ಕೂತು ನೋಡಿದಳು. ನೆಲದ ಮೇಲೆ ನಿಂತ ಸೈಕಲ್ಲು. ಭಾರವೆಲ್ಲ ಸೀಟಿನ ಮೇಲೆ, ಮೊಣಕಾಲು ಹಗುರ. ತುಳಿದಳು. ಚಕ್ರ ತಿರುಗಿತು. ಎದುರಿನ ಗೋಡೆ ಇದ್ದಲ್ಲೇ ಇತ್ತು. ಪೇಪರಿನ ಅಂಗಡಿ ಬರಲಿಲ್ಲ, ಈರುಳ್ಳಿ ಗಾಡಿ ಬರಲಿಲ್ಲ. ಇಳಿಯುವಾಗ ಅವಳ ಮುಖದಲ್ಲೊಂದು ನಗೆ ಇತ್ತು. ತಮ್ಮ ಅದನ್ನು ಮೊಣಕಾಲು ನೋವು ಎಂದುಕೊಂಡ.

ಹೊಸದಕ್ಕೆ ಗುಂಡಿ ಡಬ್ಬದ ಹಣ ಸಾಲದು ಎಂದು ಮನೆಯಲ್ಲಿ ಮಾತಾಯಿತು. ಆಗ ತಮ್ಮನಿಗೆ ಬುದ್ಧಿಯೊಂದು ಹೊಳೆಯಿತು. ಅವನಿಗೆ ಬುದ್ಧಿ ಹೊಳೆದರೆ ಮೊದಲು ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ.

“ಅಕ್ಕಾ! ಭಾವಾ! ಸೈಕಲ್ಲೇ ಯಾಕೆ? ಮೆಷಿನ್ನಿನ ಮೋಟಾರು ಬಿಚ್ಚಿಸಿಬಿಡಿ. ಮೊದಲಿನ ಹಾಗೆ ತುಳೀಲಿ. ಬಿಡಿಗಾಸೂ ಖರ್ಚಿಲ್ಲ!”

ಯಜಮಾನರು ತೊಡೆ ತಟ್ಟಿದರು. “ಭೇಷ್! ಕಾಲೂ ಗಟ್ಟಿ, ಶರ್ಟೂ ರೆಡಿ, ಕರೆಂಟೂ ಉಳೀತು! ಮೆಷಿನ್ನು ಕೆಳಗಡೇನೇ ಹಾಕಿದರೆ ಮೆಟ್ಟಿಲಿನ ತಾಪತ್ರಯವೂ ಇಲ್ಲ. ನೋಡು, ಎಷ್ಟು ಸುಲಭ!”

ಇಬ್ಬರೂ ಪರಸ್ಪರ ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿ. ಟೇಲರಕ್ಕ ಹಲ್ಲಿನಲ್ಲಿ ದಾರ ಕಡಿದಳು.

“ಮದುವೆಯಾದಾಗಿನಿಂದ ತುಳಿದಿದ್ದೀನಿ,” ಎಂದಳು. “ಒಂದೊಂದು ತುಳಿತಕ್ಕೂ ಒಂದೊಂದು ಹೊಲಿಗೆ. ಅದು ಯಾರದೋ ಕಾಲರು, ಯಾರದೋ ತೋಳು, ಯಾರದೋ ಕಿಟಕಿ ಪರದೆ. ಒಂದೇ ಒಂದು ತುಳಿತ ನನಗೇ ಅಂತ ತುಳಿದಿಲ್ಲ. ಇನ್ನು ಮುಂದೆ ತುಳಿದ್ರೆ, ಅದ್ರಿಂದ ಯಾರ ಕೆಲಸವೂ ಆಗಬಾರ್ದು, ಅಂಥದ್ದನ್ನ ತುಳೀತೀನಿ.”

“ಏನೂ ಆಗದೇ ಇರೋದಕ್ಕೆ ದುಡ್ಡು ಕೊಡ್ತೀಯಾ?” ಯಜಮಾನರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ಸಂಘಕ್ಕೆ ನೀವು ಚಂದಾ ಕೊಡಲ್ವಾ?”

ತಮ್ಮ ಮೆಲ್ಲಗೆ ಕುರ್ಚಿಯಲ್ಲಿ ಕೂತ.

ದಾರಿ ತೋರಿದ್ದು ಒಂದು ಶರ್ಟು. ಪಕ್ಕದ ಬೀದಿಯಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರಿದ್ದರು, ಟೇಲರಕ್ಕನ ಹಳೆಯ ಗಿರಾಕಿ. ರಿಪೇರಿಗೆ ಬರುವ ಅವರ ಶರ್ಟುಗಳೆಲ್ಲದರ ಬೆನ್ನಿನಲ್ಲೂ ಒಂದೇ ಜಾಗದಲ್ಲಿ ತುಕ್ಕಿನ ಕಲೆ. ತಂತಿಯದಾದರೆ ಗೆರೆ ಬೀಳಬೇಕು, ಇದು ಬಾಗಿದ ಕೊಳವೆಯ ಗುರುತು. ‘ಬಟ್ಟೆ ಯಾವುದರ ಮೇಲೆ ಒಣಗಿಸ್ತಾರೆ ಇವರು?’ ಎಂದುಕೊಂಡ ಟೇಲರಕ್ಕ ಶರ್ಟು ಕೊಡುವ ನೆಪದಲ್ಲಿ ಹೋದಳು. ಊಹೆ ಸರಿಯಾಗಿತ್ತು. ಹಿಂದಿನ ವರಾಂಡದಲ್ಲಿ ಅಂಥದ್ದೇ ಒಂದು ವ್ಯಾಯಾಮದ ಸೈಕಲ್ಲು ನಿಂತಿತ್ತು, ಮೈತುಂಬ ಒದ್ದೆ ಬಟ್ಟೆ ಹೊದ್ದುಕೊಂಡು.

“ಕೊಡ್ತೀರಾ ಸಾರ್?”

ಮ್ಯಾನೇಜರು ಸಾಲದ ಅರ್ಜಿ ಕೈಗೆ ಬಂದವರ ಹಾಗೆ ಗಂಭೀರವಾದರು. “ಕೊಡಬಹುದು. ಆದ್ರೆ ನೋಡಿ, ದಿನಾ ಬಳಕೆಯಲ್ಲಿರೋ ವಸ್ತು. ಬೆಳಿಗ್ಗೆ ಎದ್ದ ತಕ್ಷಣ ಅದರ ಮೇಲೇ ನಾನು. ಹಾಗಾಗಿ ಹೊಸದರ ಬೆಲೆಗಿಂತ ತುಂಬಾ ಕಮ್ಮಿ ಮಾಡೋಕಾಗಲ್ಲ.”

ಟೇಲರಕ್ಕ ಪೆಡಲನ್ನು ನೋಡಿದಳು. ಜೇಡವೊಂದು ಪೆಡಲಿನಿಂದ ಚಕ್ರಕ್ಕೆ ಬಲೆ ಹಾಕಿ ಸಂಸಾರ ಹೂಡಿತ್ತು. ಅದರ ವಿಷಯ ಅವಳು ಎತ್ತಲಿಲ್ಲ.

“ಸಾರ್, ಹೋದ ವರ್ಷ ನಿಮ್ಮ ಪ್ಯಾಂಟಿನ ಸೊಂಟ ಬಿಚ್ಚಿ ದೊಡ್ಡದು ಮಾಡಿದ್ದು ಯಾರು?”

“ನೀವೇ.”

“ಈ ವರ್ಷ?”

ಮ್ಯಾನೇಜರು ಹೊಟ್ಟೆ ಒಳಗೆಳೆದುಕೊಂಡರು.

“ಒಳಗಡೆ ಮಡಿಸಿ ಬಿಟ್ಟಿದ್ದ ಬಟ್ಟೆಯೆಲ್ಲ ಖಾಲಿಯಾಯ್ತು ಸಾರ್. ಇನ್ನು ಬಿಚ್ಚೋಕೆ ಜಾಗ ಇಲ್ಲ. ದಿನಾ ತುಳಿಯೋರ ಸೊಂಟ ಹೀಗಿರುತ್ತಾ?”

ಒಳಗಿನಿಂದ ಮ್ಯಾನೇಜರ ಹೆಂಡತಿಯ ನಗು ಪಾತ್ರೆ ಉರುಳಿದಂತೆ ಕೇಳಿಸಿತು. ಆಕೆ ಸೆರಗಿಗೆ ಕೈ ಒರೆಸುತ್ತ ಬಂದೇಬಿಟ್ಟರು. “ತಗೊಂಡು ಹೋಗಮ್ಮ! ಇದ್ರ ತುಕ್ಕು ಉಜ್ಜಿ ಉಜ್ಜಿ ನನ್ನ ಕೈಗೇ ವ್ಯಾಯಾಮ ಆಗಿದೆ. ನೀನು ಕೊಡೋದು ಕೊಡು. ಆದ್ರೆ ನಮಗೆ ಬಟ್ಟೆ ಒಣಗಿಸೋಕೆ ಏನಾದ್ರೂ ಬೇಕಲ್ಲ?”

ಟೇಲರಕ್ಕ ಗುಂಡಿ ಡಬ್ಬದ ಹಣ ಕೊಟ್ಟಳು. ಮರುದಿನ ಒಂದು ಉದ್ದನೆಯ ನೈಲಾನ್ ಹಗ್ಗವನ್ನೂ ತಂದುಕೊಟ್ಟಳು. ಮ್ಯಾನೇಜರು ಹಗ್ಗ ಕಟ್ಟಲು ಸ್ಟೂಲು ಹತ್ತಿ ಇಳಿದು, ಹಲವು ವರ್ಷಗಳಲ್ಲಿ ಮೊದಲ ಸಲ ಬೆವರಿದರು.

ಸೈಕಲ್ಲು ಮಹಡಿ ಸೇರಿತು. ತುಕ್ಕು ಒರೆಸಿ, ಕೀಲುಗಳಿಗೆ ಮೆಷಿನ್ನಿನ ಎಣ್ಣೆ ಬಿಟ್ಟು, ಉಳಿದ ಪರದೆ ಬಟ್ಟೆಯಲ್ಲಿ ಸೀಟಿಗೊಂದು ಮೆತ್ತನೆಯ ದಿಂಬು ಹೊಲಿದದ್ದಾಯಿತು. ಸಂಜೆ ಕೆಲಸ ಮುಗಿದ ಮೇಲೆ ಟೇಲರಕ್ಕ ಚಿಲಕ ಹಾಕಿ ಹತ್ತಿ ಕೂರುತ್ತಿದ್ದಳು.

ಮೊದಲ ದಿನ ಮಾತ್ರ ಚಿಲಕ ಮರೆತಿದ್ದಳು. ಯಜಮಾನರು ಒಳಗೆ ಬಂದು ಬಗ್ಗಿ ನೋಡಿ ಹೌಹಾರಿದರು. ಹಿಡಿಯ ನಡುವಿನ ಪುಟ್ಟ ಪರದೆಯಲ್ಲಿ ಅಂಕಿಗಳು ಓಡುತ್ತಿದ್ದವು. ಓಡುವ ಅಂಕಿ ಕಂಡರೆ ಅವರಿಗೆ ತೋಚುವುದು ಒಂದೇ.

“ಲೇ, ನಿಲ್ಸು! ಎಷ್ಟು ಯೂನಿಟ್ ಎಳೀತಿದೆ ನೋಡು!”

ದಡದಡ ಕೆಳಗಿಳಿದು ಹೊರಗಿನ ಮೀಟರಿನ ಮುಂದೆ ನಿಂತರು. ಅಲ್ಲಿ ಏನೂ ಹೆಚ್ಚಾಗಿರಲಿಲ್ಲ. ಮತ್ತೆ ಮೇಲೆ ಓಡಿದರು. ಇಲ್ಲಿ ಅಂಕಿ ಏರುತ್ತಲೇ ಇತ್ತು. ಮತ್ತೆ ಕೆಳಗೆ. ಮನೆಯ ಮೀಟರು ಕೆಟ್ಟಿದೆ, ಇಲ್ಲವೇ ಇದರಲ್ಲಿ ಭಾರಿ ಕಳ್ಳತನ ನಡೆದಿದೆ ಎಂದು ತೀರ್ಮಾನಿಸಿ ಬಂದಾಗ ಟೇಲರಕ್ಕ ಪರದೆಯ ಹಿಂದಿನ ಮುಚ್ಚಳ ತೆಗೆದು ತೋರಿಸಿದಳು. ಗೋಡೆ ಗಡಿಯಾರಕ್ಕೆ ಹಾಕುವಂಥದ್ದೇ ಒಂದು ಪುಟ್ಟ ಸೆಲ್ಲು.

“ಮತ್ತೆ ಈ ಅಂಕಿ ಯಾರ ಲೆಕ್ಕ?” ಯಜಮಾನರು ಏದುಸಿರು ಬಿಡುತ್ತ ಕೇಳಿದರು.

“ನನ್ನ ಲೆಕ್ಕ. ಬಿಲ್ಲು ಬರಲ್ಲ, ಹೋಗಿ ಕೂತ್ಕೊಳ್ಳಿ.”

ಆದರೂ ಅವರಿಗೆ ನಂಬಿಕೆ ಬರಲಿಲ್ಲ. ಅಷ್ಟು ವರ್ಷದ ಸೇವೆ ಅಷ್ಟು ಬೇಗ ಮೈ ಬಿಡುತ್ತದೆಯೇ? ಗಿರ್ ಗಿರ್ ಕೇಳಿದಾಗಲೆಲ್ಲ ಹೊರಗೆ ಹೋಗಿ ಮೀಟರು ನೋಡುವುದು, ಮೇಲೆ ಬಂದು ಬಾಗಿಲ ಸಂದಿಗೆ ಕಿವಿ ಕೊಡುವುದು, ಮತ್ತೆ ಇಳಿಯುವುದು. ಹೀಗೆ ನಡೆಯಿತು.

ಡಾಕ್ಟರಮ್ಮನ ಬಳಿ ಮತ್ತೆ ಹೋಗುವ ದಿನ ಬಂತು. ಯಜಮಾನರು ಬೆಳಿಗ್ಗೆಯೇ ಬೋರ್ಡಿನ ಧೂಳು ಒರೆಸಿ ಹೊರಟರು. ಡಾಕ್ಟರಮ್ಮ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತರು. ಟೇಲರಕ್ಕ ಕಟಕಟೆಯನ್ನೊಮ್ಮೆ ನೋಡಿದಳು, ಹಿಡಿಯಲಿಲ್ಲ. ಹತ್ತತೊಡಗಿದಳು. ಒಂದು, ಇನ್ನೊಂದು, ಮತ್ತೊಂದು. ಮೊಣಕಾಲು ಬಾಯಿ ಬಿಡಲಿಲ್ಲ. ನಿಲ್ಲದೆ ಮೇಲೆ ಹೋಗಿ ನಿಂತು, ಆಗ ತಿರುಗಿ ನೋಡಿದಳು.

ಉಸ್ಸಪ್ಪ ಕೇಳಿದ್ದು ಹಿಂದಿನಿಂದ. ಯಜಮಾನರು ಅರ್ಧದಲ್ಲಿ ಕಟಕಟೆ ಅಪ್ಪಿಕೊಂಡು ನಿಂತಿದ್ದರು. ಮೀಟರಿಗೂ ಮಹಡಿಗೂ ಓಡಾಡಿ ಓಡಾಡಿ ಅವರ ಮೊಣಕಾಲು ಊದಿಕೊಂಡಿತ್ತು.

“ನಿಮ್ಮ ಮಹಡಿ ನಿಮಗೇ ಇರಲಮ್ಮ,” ಎಂದರು ಡಾಕ್ಟರಮ್ಮ, ಸೈಕಲ್ಲಿನ ವಿಷಯ ಕೇಳಿ ತಿಳಿದುಕೊಂಡು. “ಆದ್ರೆ ಸೈಕಲ್ ನಿಲ್ಲಿಸ್ಬೇಡಿ.” ಆಮೇಲೆ ಕೆಳಗೆ ನೋಡಿ, “ನೀವು ಸ್ವಲ್ಪ ದಿನ ಮೆಟ್ಟಿಲು ಹತ್ತಬಾರ್ದು ಯಜಮಾನ್ರೇ” ಎಂದರು.

ಬೋರ್ಡು ಮರಳಿ ಮಂಚದ ಕೆಳಗೆ ಹೋಯಿತು. ಕಾರ್ಯದರ್ಶಿಗಳ ಕಚೇರಿ ಸದ್ಯಕ್ಕೆ ಮಂಚದ ಮೇಲೇ ನಡೆಯುತ್ತಿದೆ.

ಅಂದು ಸಂಜೆಯೂ ಮೇಲೆ ಚಿಲಕ ಬಿತ್ತು, ಗಿರ್ ಗಿರ್ ಶುರುವಾಯಿತು. ಯಜಮಾನರು ಕುಂಟುತ್ತ ಮೊದಲ ಮೆಟ್ಟಿಲವರೆಗೆ ಬಂದು, ಎದುರು ಮನೆಗೂ ಕೇಳುವಂತೆ ಕೂಗಿದರು:

“ಅಲ್ವೇ, ಇಷ್ಟು ದಿನದಿಂದ ತುಳೀತಿದೀಯಲ್ಲ, ಒಂದು ಗೇಣು ಮುಂದೆ ಹೋಯ್ತಾ ಅದು? ಎಲ್ಲಿಗೂ ಹೋಗದ ಸೈಕಲ್ ಯಾಕೆ ನಿಂಗೆ?”

ಗಿರ್ ಗಿರ್ ನಿಲ್ಲಲಿಲ್ಲ. ಕಿಟಕಿಯಿಂದ ಉತ್ತರ ಬಂತು:

“ಎಲ್ಲಿಗಾದ್ರೂ ಹೋದ್ರೆ, ಬರ್ತಾ ಏನಾದ್ರೂ ತಗೊಂಡು ಬಾ ಅಂತೀರಲ್ಲ!”