ತಮ್ಮನಿಗೆ ಅರೆದ ಮದ್ದು

ಕಾಮಾಲೆಗೆ ಮದ್ದು ಕೊಡುವ ಕ್ರಮ ನಮ್ಮ ಮನೆಗೆ ಅತ್ತೆಯ ಕಾಲದಿಂದ ಬಂದದ್ದು. ಲಾಯಿಲದಲ್ಲಿ ಬಸ್ಸಿಳಿದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ನೆಲನೆಲ್ಲಿಯನ್ನು ಬೇರುಸಹಿತ ಅರೆದು, ಮಜ್ಜಿಗೆಯಲ್ಲಿ ಕಲಸಿ, ಮೂರು ಬೆಳಿಗ್ಗೆ ಬರಿಹೊಟ್ಟೆಗೆ ಕೊಡುತ್ತಿದ್ದೆ. ಉಪ್ಪು, ಎಣ್ಣೆ, ಮೀನು ವರ್ಜ್ಯ. ಆ ಮೂರು ದಿನ ಬೇರೆ ಯಾವ ಮಾತ್ರೆಯೂ ಇಂಜೆಕ್ಷನ್ನೂ ಕೂಡದು. ಈ ಕೊನೆಯ ನಿಯಮ ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂದು ನಾನು ಕೇಳಿದವಳಲ್ಲ. ಅತ್ತೆ ಹೇಳಿದ್ದನ್ನು ಅತ್ತೆಗಿಂತ ಜೋರಾಗಿ ಹೇಳುತ್ತಿದ್ದೆ, ಅಷ್ಟೆ.

ನನ್ನ ಕೈಗುಣವನ್ನು ಊರೆಲ್ಲ ಹೊಗಳುವಾಗ ನಗುತ್ತಿದ್ದವನು ನನ್ನ ತಮ್ಮನೊಬ್ಬನೇ. ಬೆಳುವಾಯಿಯಲ್ಲಿ ಗದ್ದೆ ಮಾಡಿಕೊಂಡಿದ್ದ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರಾ ಎಂದು ಎಲ್ಲರ ಎದುರು ನನ್ನನ್ನು ಕೆಣಕುತ್ತಿದ್ದ. ನಾನು ಮೇಲೆ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು.

ಹೋದ ಮಳೆಗಾಲ ಗದ್ದೆಗೆ ಭತ್ತದ ನೇಜಿ ನೆಟ್ಟು ಮುಗಿಸಿದ ವಾರದಲ್ಲಿ ಅವನು ಕಣ್ಣು ಹಳದಿ ಮಾಡಿಕೊಂಡು ನಮ್ಮ ಜಗಲಿಗೆ ಬಂದು ಕೂತ. ಎರಡು ದಿನದ ಜ್ವರ ಎಂದ. ಜ್ವರದ ಮಾತು ನನ್ನ ಕಿವಿಗೆ ಸರಿಯಾಗಿ ಬೀಳಲೇ ಇಲ್ಲ. ಕೊನೆಗೂ ನನ್ನ ಹತ್ತಿರ ಬಂದನಲ್ಲ ಎಂಬ ಸಂತೋಷ ನನಗೆ. ಹೌದು, ಸಂತೋಷ, ಮುಚ್ಚಿಟ್ಟು ಏನು ಪ್ರಯೋಜನ? ಮನೆಗೆ ಹೋದರೆ ಮೀನು ತಿನ್ನುತ್ತೀಯ, ಪಥ್ಯ ಮುಗಿಯುವವರೆಗೆ ಇಲ್ಲೇ ಇರು ಎಂದು ಗದರಿಸಿ ನಿಲ್ಲಿಸಿಕೊಂಡೆ. ಅವನ ಹೆಂಡತಿಗೂ ಫೋನು ಮಾಡಿ ಹೆದರಬೇಡ ಎಂದೆ.

ಎರಡನೆಯ ದಿನ ಅವನು ಕಾಲು ನೀವಿಕೊಳ್ಳುತ್ತಾ, "ಅಕ್ಕ, ಮೀನಖಂಡ ಭಾರೀ ನೋಯ್ತದೆ ಮಾರಾಯ್ತಿ. ಮುಟ್ಲಿಕ್ಕೂ ಆಗುದಿಲ್ಲ," ಎಂದ.

ಕೆಸರಿನಲ್ಲಿ ಬಗ್ಗಿ ನಿಂತರೆ ನೋಯದೆ ಇರುತ್ತದಾ ಎಂದು ತೆಂಗಿನೆಣ್ಣೆ ಬಿಸಿ ಮಾಡಿ ಹಚ್ಚಲು ಕೊಟ್ಟೆ. ಮೂತ್ರ ಕಡಿಮೆಯಾಗಿದೆ ಎಂದಾಗ ಎಳನೀರು ಕೊಟ್ಟೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಮದ್ದು ಕೊಡುವವಳ ಕಣ್ಣೂ ಹಾಗೆಯೇ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮೂರನೆಯ ಬೆಳಿಗ್ಗೆ ಮದ್ದು ಕುಡಿದವನು ಎದ್ದು ನಿಲ್ಲಲಾರದೆ ಹೋದ. ನೆರೆಯವರ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಯುವ ವೈದ್ಯೆಯೊಬ್ಬರು ಅವನ ಮೀನಖಂಡ ಒತ್ತಿ ನೋಡಿದರು, ಗದ್ದೆ ಕೆಲಸ ಉಂಟಾ ಎಂದು ಕೇಳಿದರು. ಇಲಿಜ್ವರ ಇರಬೇಕು ಎಂದರು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಜ್ವರ, ಕಾಮಾಲೆಯಂತೆಯೇ ಕಣ್ಣು ಹಳದಿಯಾಗುತ್ತದೆ, ಬೇಗ ಬಂದರೆ ಸಾದಾ ಮದ್ದಿಗೇ ಬಗ್ಗುತ್ತದೆ ಎಂದು ವಿವರಿಸಿದರು. ಆಮೇಲೆ, ಈ ಕಾಲುನೋವು ಎಷ್ಟು ದಿನದಿಂದ, ಬೇರೆ ಏನಾದರೂ ಔಷಧ ತೆಗೆದುಕೊಂಡಿದ್ದೀರಾ ಎಂದು ಅವನನ್ನೇ ಕೇಳಿದರು.

ಅವನು ನನ್ನ ಮುಖ ನೋಡಿದ. "ನೋವು ಇವತ್ತು ಬೆಳಿಗ್ಗೆಯಿಂದ. ಔಷಧ ಎಂತದ್ದೂ ಇಲ್ಲ," ಎಂದ.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮರುದಿನ ಒಬ್ಬಳೇ ಹೋಗಿ ವೈದ್ಯೆಗೆ ಎಲ್ಲ ಹೇಳಿದೆ. ಅವರು ಬೈಯದೆ ಬರೆದುಕೊಂಡರು. ಚಿಕಿತ್ಸೆ ನಿನ್ನೆಯೇ ಶುರುವಾಗಿದೆ, ಅದು ಬದಲಾಗುವುದಿಲ್ಲ, ಆದರೆ ಮೂರು ದಿನ ಮೊದಲು ಬರಬೇಕಿತ್ತು ಎಂದಷ್ಟೇ ಹೇಳಿದರು. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಮೂತ್ರಪಿಂಡ ಕೈಕೊಟ್ಟಿತ್ತು. ಡಯಾಲಿಸಿಸ್‌ಗೆ ಒಯ್ಯುವ ಮೊದಲು ಅವನು ನನ್ನ ಕೈ ಹಿಡಿದು, "ನನಗೆ ನಿನ್ನ ಮದ್ದಲ್ಲಿ ನಂಬಿಕೆ ಇರ್ಲಿಲ್ಲ ಅಕ್ಕ. ನಿನಗೆ ಖುಷಿ ಆಗ್ತದೆ ಅಂತ ಬಂದದ್ದು," ಎಂದ. ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ ಕೇಳಬೇಕೆಂದಿದ್ದೆ. ಡಯಾಲಿಸಿಸ್ ಮುಗಿಸಿ ತಂದ ಮೇಲೆ ಉಸಿರಾಟದ ಯಂತ್ರ ಹಾಕಿದರು. ಮತ್ತೆ ಅವನು ಮಾತಾಡಲಿಲ್ಲ. ಆಸ್ಪತ್ರೆಗೆ ಸೇರಿದ ಐದನೆಯ ದಿನ ಹೋಗಿಬಿಟ್ಟ.

ಅವನ ಹೆಂಡತಿ ಅತ್ತದ್ದಕ್ಕಿಂತ ಯೋಚಿಸಿದ್ದೇ ಹೆಚ್ಚು. ಕಾಲುನೋವಿನಿಂದಲೇ ಈ ಜ್ವರ ಗೊತ್ತಾಗುತ್ತದಂತೆ, ಇವರು ಯಾರಿಗೂ ಯಾಕೆ ಹೇಳಲಿಲ್ಲ ಎಂದು ಬಂದವರೆಲ್ಲರ ಹತ್ತಿರ ಕೇಳುತ್ತಿದ್ದಳು. ನನ್ನ ಹತ್ತಿರ ಮಾತ್ರ ಕೇಳಿರಲಿಲ್ಲ. ನಾನು ಹೇಳಿರಲೂ ಇಲ್ಲ.

ಉತ್ತರಕ್ರಿಯೆಯ ಬೊಜ್ಜದ ದಿನ ಊಟ ಮುಗಿದು ಹೆಂಗಸರೆಲ್ಲ ಒಳಗೆ ಕುಳಿತಿದ್ದೆವು. ಬಂಟ್ವಾಳದಿಂದ ಬಂದ ನೆಂಟರ ಹೆಂಗಸೊಬ್ಬರು ನನ್ನ ಬೆನ್ನು ಸವರಿ, ನಿಮ್ಮ ಮದ್ದಿಗೂ ಬಗ್ಗಲಿಲ್ಲ ಅಂದರೆ ಅದು ಹಣೆಬರಹವೇ ಸರಿ ಎಂದರು. ಸಮಾಧಾನ ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಸೊಸೆಗೆ ನಿನ್ನೆಯಿಂದ ಜ್ವರ, ಕಣ್ಣೂ ಸ್ವಲ್ಪ ಹಳದಿ, ನಾಳೆ ಬೆಳಿಗ್ಗೆ ಕರೆದುಕೊಂಡು ಬರಬಹುದಾ ಎಂದು ಮೆಲ್ಲಗೆ ಕೇಳಿದರು.

"ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ತಮ್ಮನ ಜ್ವರಕ್ಕೆ ಮದ್ದಿದ್ದ ದಿನಗಳನ್ನೆಲ್ಲ ನಾನೇ ಹಾಳು ಮಾಡಿದ್ದು," ಎಂದೆ.

ಗೋಡೆಗೆ ಒರಗಿದ್ದ ತಮ್ಮನ ಹೆಂಡತಿ ತಲೆ ಎತ್ತಿದಳು.

"ಅವರು ನಿಮ್ಮತ್ರ ಕಾಲುನೋವು ಅಂತ ಹೇಳಿದ್ದರಾ?"

ಹೇಳಿದ್ದ ಎಂದೆ.