ಅಳದವನ ಪಕ್ಷದಲ್ಲಿ

ಕಳೆದ ವಾರ ಕಂಪ್ಲಿಯಿಂದ ಹೊಸಪೇಟೆಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡರು. ಆ ಘಾಟು ಮೂಗಿಗೆ ತಾಕಿದೊಡನೆ, ಸದಾ ಅದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದ, ಕಾಲೇಜಿನಲ್ಲಿ ನನಗೆ ತತ್ವಶಾಸ್ತ್ರ ಕಲಿಸಿದ ಮೇಡಂ ನೆನಪಾದರು...

ನಿವೃತ್ತಿಯ ಬಳಿಕ ಅವರು ಭಾನುವಾರದ ಪ್ರಾರ್ಥನೆ ಮುಗಿಸಿ, ಚರ್ಚಿನ ಹಿಂದಿನ ಬೇವಿನ ನೆರಳಿನಲ್ಲಿ ನಮಗೆ ಪಾಠ ಹೇಳುತ್ತಿದ್ದರು. ನಾವು ಕಾರ್ಮಿಕ ಸಂಘದವರು, ದೇವರನ್ನು ನಂಬದವರು. ಒಮ್ಮೆ ಅವರು ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಗ್ರೀಕ್ ಜ್ಞಾನಿ ಅಳುವವರನ್ನು ಗದರಿಸಿ, ವಿಷದ ಬಟ್ಟಲನ್ನು ಶಾಂತವಾಗಿ ಕುಡಿದ. ದೇಹ ಅವನಿಗೆ ಆತ್ಮದ ಸೆರೆಮನೆ, ಸಾವು ಬಿಡುಗಡೆ. ಯೇಸುವಾದರೋ ಬೆವರಿ, ನೊಂದು, ತನ್ನ ಪಾಲಿನ ಸಾವಿನ ಬಟ್ಟಲು ದೂರವಾಗಲೆಂದು ದೇವರಲ್ಲಿ ಬೇಡಿಕೊಂಡ. ಮೊದಲ ಕ್ರೈಸ್ತರಿಗೆ ಸಾವು ಶತ್ರು. ಈ ದೇಹವೇ ಮತ್ತೆ ಏಳುತ್ತದೆಂದು ಅವರು ನಂಬಿದ್ದರು.

"ಹಂಗಾರ ನಿಮ್ಮ ಯೇಸು ಅಂಜಿದ ಅನ್ರಿ, ಮೇಡಂ," ಎಂದು ನಾನು ಕೆಣಕಿದೆ.

"ಹೌದಪಾ, ಅಂಜಿದ. ನೀ ಭಾಳ ಧೈರ್ಯಸ್ಥ! ಹಲ್ಲು ಕೀಳಿಸಾಕ ಹೋದಾಗ ಆಸ್ಪತ್ರಿ ತುಂಬ ನಿಂದ ಚೀರಾಟ ಇತ್ತಂತಲ್ಲ?"

ಎಲ್ಲರೂ ನಕ್ಕರು. ನಾನು ಮಾತ್ರ ಗ್ರೀಕನ ಪಕ್ಷದಲ್ಲೇ ಉಳಿದೆ.

ಅದೇ ತಿಂಗಳು ತೋರಣಗಲ್ಲಿನ ಕಡೆಯ ಕಾರ್ಖಾನೆಯೊಂದರಲ್ಲಿ ಪಕ್ಕದ ವಡ್ಡು ಗ್ರಾಮದ ಗುತ್ತಿಗೆ ಕಾರ್ಮಿಕನೊಬ್ಬ ಎತ್ತರದಿಂದ ಬಿದ್ದು ಸತ್ತ. ಸೊಂಟಕ್ಕೆ ಬೆಲ್ಟ್ ಕೊಡದಿದ್ದುದು ಮೊದಲ ಅನ್ಯಾಯ. ಹಾಜರಿಯಲ್ಲಿ ಅವನ ಹೆಸರೇ ಇಲ್ಲದ್ದು ಎರಡನೆಯದು. ರಸ್ತೆಯಲ್ಲಿ ಸತ್ತನೆಂದು ತೋರಿಸಲು ಗುತ್ತಿಗೆದಾರ ಶವವನ್ನು ವ್ಯಾನಿನಲ್ಲಿ ಗೇಟಿನಾಚೆ ಸಾಗಿಸಹೊರಟಿದ್ದು ಮೂರನೆಯದು. ಹಾಗಾದರೆ ಅವನ ಹೆಂಡತಿಗೆ ಯಾರೂ ಉತ್ತರ ಹೇಳಬೇಕಿರಲಿಲ್ಲ. ನಾಲ್ಕನೆಯದು, ಸುದ್ದಿ ಕೇಳಿ ಸಂಘದವರೊಂದಿಗೆ ಅಲ್ಲಿಗೆ ಓಡಿದ ನನ್ನದು. ಗಂಡನ ಮೈಮೇಲೆ ಬಿದ್ದು ಗೋಳಿಡುತ್ತಿದ್ದ ಆಕೆಯ ತೋಳು ಹಿಡಿದು, "ಅಳಬ್ಯಾಡ್ರಿ ಅಕ್ಕಾ, ಇವ್ರ ಮುಂದ ಗಟ್ಟಿಯಾಗಿರ್ರಿ, ಏಳ್ರಿ," ಎಂದೆ.

ಜೊತೆಗೆ ಬಂದಿದ್ದ ಮೇಡಂ ನನ್ನ ಕೈ ಕಿತ್ತರು. "ಬಿಡಲೇ! ಆಕಿ ಎದ್ರ ಹೆಣ ಹೊತ್ಕೊಂಡು ವ್ಯಾನ್ ಹೋಗ್ತೈತಿ. ಅಳ್ಲಿ." ಹಾಗೆಂದವರೇ ಶವದ ಪಕ್ಕ ನೆಲದ ಮೇಲೆ ಕೂತರು.

ವಡ್ಡಿನ ಹೆಂಗಸರೂ ಸುತ್ತ ಕೂತು, ತಮ್ಮ ರೂಢಿಯಂತೆ ಹಾಡಿಕೊಂಡು ಅಳತೊಡಗಿದರು. ಆ ಅಳುವಿನಲ್ಲಿ ಸತ್ತವನ ಕೊನೆಯ ದಿನವೆಲ್ಲ ಬರುತ್ತದೆ. "ಮುಂಜಾನಿ ಪಾಳಿಗೆ ಬಂದ್ಯಲ್ಲೋ... ಬೆಲ್ಟಿಲ್ದ ಮ್ಯಾಲ ಹತ್ತು ಅಂದವ್ರು ಯಾರೋ..." ತಡವಾಗಿ ಬಂದ ಪೊಲೀಸ್ ಅಧಿಕಾರಿ ನಿಂತು ಕೇಳಿದರು. ಹೇಳಿಕೆ ಬೇಕೆಂದು ಅವರು ಯಾರನ್ನೂ ಕೇಳಬೇಕಾಗಲಿಲ್ಲ. ಸಾವು ಗೇಟಿನೊಳಗೇ ಆಯಿತೆಂದು ಬರೆಸಿದ ಮೇಲೆಯೇ ಆ ಹೆಂಗಸರು ಎದ್ದರು.

ಮೇಡಂ ಹೋಗಿ ಎಷ್ಟೋ ವರ್ಷಗಳಾದವು. ದೇಹ ಮತ್ತೆ ಏಳುತ್ತದೆಂದು ನಾನು ಇಂದಿಗೂ ನಂಬುವುದಿಲ್ಲ. ಆದರೆ ದೇಹ ಸೆರೆಮನೆಯೆಂದರೆ ಒಪ್ಪುವುದಿಲ್ಲ. ನ್ಯಾಯ ಕೇಳಬೇಕಾದದ್ದು ಅದರ ಪಕ್ಕದಲ್ಲೇ ಕೂತು. ಆ ಭಾನುವಾರದ ವಾದದಲ್ಲಿ ನಾನು ಸೋತೆನೆಂದು ಅವರಿದ್ದಾಗ ಒಮ್ಮೆಯೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಕೇಳಿ ಅಣಕಿಸಲು ಅವರಿಲ್ಲ.